ಮುಖ ಮಾತ್ರ ಬರೆದು ಬಿಟ್ಟ ಚಿತ್ರ

ಪ್ರಶ್ನೆ (ಮೂಡಿಗೆರೆಯಿಂದ):
ಅಪ್ಪ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಆಗಿದ್ದ ಕಾಫಿ ತೋಟದ ಬಂಗಲೆಯಲ್ಲಿ ಒಂದು ಹಳೇ ಪ್ರಿಂಟ್ ಇದೆ. ಕುರ್ಚಿಯಲ್ಲಿ ಕೂತ ಮುದುಕ. ಮುಖ ಈಗಲೇ ಮಾತಾಡುವ ಹಾಗಿದೆ, ಮೈ ಮಾತ್ರ ಬರೀ ಗೆರೆ. ಕೆಳಗೆ ‘ವಿಲ್ಬರ್‌ಫೋರ್ಸ್, ಚಿತ್ರ: ಲಾರೆನ್ಸ್, 1828’ ಅಂತಿದೆ. ಈಗ ನಾನು ಅಪ್ಪನ ಚಿತ್ರ ಬರೆಯುತ್ತಿದ್ದೇನೆ. ಮುಖ ಮುಗಿದಿದೆ. ಅಂಗಿಗೆ ಕೈ ಹಾಕಿದರೆ ಎಲ್ಲ ಕೆಡುತ್ತೆ ಅನ್ನೋ ಭಯ. ಲಾರೆನ್ಸ್ ಕೂಡ ಇದಕ್ಕೇ ಬಿಟ್ಟನಾ?

ಉತ್ತರ (ಹಾಸನದಿಂದ):
ನಾನು ಮೂವತ್ತು ವರ್ಷದಿಂದ ಭಾವಚಿತ್ರ ಬರೆದೇ ಜೀವನ ಮಾಡಿದವನು. ಥಾಮಸ್ ಲಾರೆನ್ಸ್ ಅಂದರೆ ನನಗೆ ತುಂಬಾ ಪ್ರೀತಿ. ಇಂಗ್ಲೆಂಡಿನ ಡಿವೈಜಿಸ್ ಊರಿನಲ್ಲಿ ಅಪ್ಪ ನಡೆಸುತ್ತಿದ್ದ ವಸತಿಗೃಹಕ್ಕೆ ಬಂದವರ ಚಿತ್ರ ಬಿಡಿಸುತ್ತಾ ಬೆಳೆದ ಹುಡುಗ, 1820ರಲ್ಲಿ ಲಂಡನ್ನಿನ ಕಲಾವಿದರ ಸಂಸ್ಥೆ ರಾಯಲ್ ಅಕಾಡೆಮಿಯ ಅಧ್ಯಕ್ಷನಾದ. ರಾಜರು, ಸೇನಾಪತಿಗಳು, ದೊಡ್ಡ ಮನೆ ಹೆಂಗಸರು ಎಲ್ಲರಿಗೂ ಅವನೇ ಬೇಕು. ಒಪ್ಪಿಕೊಂಡಿದ್ದು ಜಾಸ್ತಿ, ಮುಗಿಸಿದ್ದು ಕಡಿಮೆ. ಮೊದಲು ಕ್ಯಾನ್ವಾಸ್ ಮೇಲೆ ಚಾಕಿನಲ್ಲಿ ತಲೆ ಬಿಡಿಸಿಕೊಂಡು ಮುಖಕ್ಕೆ ಬಣ್ಣ ಹಾಕುತ್ತಿದ್ದ. ಅವನು ಬರೆದ ಕಣ್ಣು ನೋಡಿ, ಆಗಷ್ಟೇ ರೆಪ್ಪೆ ಬಡಿದ ಹಾಗೆ ಒದ್ದೆ ಇರುತ್ತೆ. ಕೋಟು, ಕುರ್ಚಿ ಎಲ್ಲ ಆಮೇಲೆ. 1830ರ ಜನವರಿಯಲ್ಲಿ ತೀರಿಕೊಂಡಾಗ ಸ್ಟುಡಿಯೊ ತುಂಬ ಅರ್ಧ ಚಿತ್ರಗಳೇ ಉಳಿದವು.

ನೀವು ಅಂಗಿ ಬರೆಯಿರಿ. ರೈಟರ್ ಜೇಬಿನಲ್ಲಿ ಪೆನ್ನು ಇರುತ್ತೆ ಅಲ್ವಾ? ಅದು ಬೇಡವೇ?

ಉತ್ತರ (ಚಿಕ್ಕಮಗಳೂರಿನಿಂದ):
ಮೂಲಚಿತ್ರ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ತಲೆ ವಾಲಿರೋದು ಗಮನಿಸಿದ್ದೀರಾ? ಗುಲಾಮರ ವ್ಯಾಪಾರ ನಿಲ್ಲಿಸೋಕೆ ಇಪ್ಪತ್ತು ವರ್ಷ ಹೋರಾಡಿ, 1807ರಲ್ಲಿ ಕಾನೂನು ತರಿಸಿದವರಲ್ಲಿ ಮುಂದಿದ್ದವನು ಈ ವಿಲ್ಬರ್‌ಫೋರ್ಸ್. ವಯಸ್ಸಾದ ಮೇಲೆ ಬೆನ್ನುಮೂಳೆ ಬಾಗಿ, ತಲೆ ನೇರ ನಿಲ್ಲುತ್ತಿರಲಿಲ್ಲ. ಬಟ್ಟೆಯೊಳಗೆ ಉಕ್ಕಿನ ಆಧಾರ ಕಟ್ಟಿಕೊಳ್ಳುತ್ತಿದ್ದ. ಲಾರೆನ್ಸ್ ಆ ವಾಲಿದ ತಲೆಯನ್ನು ನೇರ ಮಾಡಲಿಲ್ಲ. ಎದುರಿಗಿದ್ದವರ ಮಾತು ಕೇಳೋಕೆ ಅಕ್ಕರೆಯಿಂದ ಬಾಗಿದ ಹಾಗೆ ಬರೆದ.

ಪ್ರಶ್ನೆ ಕೇಳಿದವರು:
ಇದನ್ನು ಓದಿ ಸುಮ್ನೆ ಕೂತುಬಿಟ್ಟೆ. ವರ್ಷಗಟ್ಟಲೆ ಬಗ್ಗಿ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆದು ಅಪ್ಪನ ಕತ್ತೂ ಎಡಕ್ಕೆ ವಾಲಿದೆ. ಚೆನ್ನಾಗಿ ಕಾಣಲಿ ಅಂತ ನಾನು ನೇರ ಮಾಡಿ ಬರೆದಿದ್ದೆ. ಅವರಿಗೆ ತೋರಿಸಿದಾಗ ‘ಯಾರಿದು?’ ಅಂದಿದ್ದರು, ಕಣ್ಣು ಮಂಜಾಗಿರಬೇಕು ಅಂದುಕೊಂಡಿದ್ದೆ.

ಬಣ್ಣ ಇನ್ನೂ ಹಸಿ ಇತ್ತು. ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿದೆ, ಮುಖವನ್ನೂ ಸೇರಿಸಿ. ನಾಳೆ ಬೆಳಗ್ಗೆ ಜಗಲಿಯಲ್ಲಿ ಮತ್ತೆ ಕೂರಿಸುತ್ತೇನೆ. ಪೆನ್ನು ಜೇಬಿನಲ್ಲೇ ಇರುತ್ತೆ, ನೀಲಿ ಮುಚ್ಚಳದ್ದು.