ವಿಶ್ವಕಿರಣ: ಭೌತವಿಜ್ಞಾನದ ಪ್ರಾಧ್ಯಾಪಕಿಗೆ ನಮ್ಮ ಬಳಗದ ಪ್ರಶ್ನೆಗಳು

ವಿರಾಜಪೇಟೆಯ ಸದಸ್ಯ: ಮೇಡಂ, ಇಂದು ರಾತ್ರಿ 12.30ರಿಂದ 3.30ರವರೆಗೆ ಮಂಗಳ ಗ್ರಹದ ಕಡೆಯಿಂದ ಕಾಸ್ಮಿಕ್ ಕಿರಣಗಳು ಬರುತ್ತವೆ, ಮೊಬೈಲ್ ಆಫ್ ಮಾಡಿ ಎಂಬ ಸಂದೇಶ ಬಂದಿದೆ. ನಿಜವೇ?

ಪ್ರಾಧ್ಯಾಪಕಿ: ಸುಳ್ಳು. ವರ್ಷಗಳಿಂದ ಇದೇ ಸಂದೇಶ ತಿರುಗುತ್ತಿದೆ. ಕಾಸ್ಮಿಕ್ ಕಿರಣಗಳು, ಅಂದರೆ ವಿಶ್ವಕಿರಣಗಳು, ಹಗಲಿರುಳೂ ಬೀಳುತ್ತಲೇ ಇರುತ್ತವೆ.

ಸೋಮವಾರಪೇಟೆಯ ಸದಸ್ಯ: ಇದನ್ನೇ ನಂಬಿ ನಿನ್ನೆ ರಾತ್ರಿ ಮನೆಯ ಮೇನ್ ಸ್ವಿಚ್ ಆಫ್ ಮಾಡಿದೆವು, ಮೇಡಂ. ಅಮ್ಮನ ಆಕ್ಸಿಜನ್ ಯಂತ್ರವೂ ನಿಂತಿತು. ರಕ್ತದ ಆಕ್ಸಿಜನ್ ಅಳೆಯಲು ಬೆರಳಿಗೆ ಹಾಕುವ ಮೀಟರ್ ಬೆಳಿಗ್ಗೆ ಶೇ. 84 ತೋರಿಸಿತು. ಇಂದೂ ಆಫ್ ಮಾಡಬೇಕೇ?

ಪ್ರಾಧ್ಯಾಪಕಿ: ಖಂಡಿತ ಬೇಡ. ಯಂತ್ರ ನಿಂತಿದ್ದರೆ ಈ ಕ್ಷಣವೇ ಹಾಕಿ, ಆ 84ರ ಸಂಗತಿಯನ್ನು ಅಮ್ಮನ ವೈದ್ಯರಿಗೆ ಕೂಡಲೇ ಫೋನ್ ಮಾಡಿ ತಿಳಿಸಿ, ಅವರು ಹೇಳಿದಂತೆ ಮಾಡಿ. ಕಿರಣದ ವಿಷಯವನ್ನು ನಾನು ಹೇಳುತ್ತೇನೆ. ಬಾಹ್ಯಾಕಾಶದಿಂದ ಬರುವ ಪ್ರೋಟಾನ್ ಮುಂತಾದ ಕಣಗಳು ವಾತಾವರಣದ ಮೇಲ್ಪದರದ ಗಾಳಿಗೆ ಬಡಿದಾಗ ಹೊಸ ಕಣಗಳ ಸುರಿಮಳೆಯೇ ಹುಟ್ಟುತ್ತದೆ, ಅದರಲ್ಲಿ ನೆಲ ಮುಟ್ಟುವವು ಹೆಚ್ಚಾಗಿ ಮ್ಯೂಯಾನ್‌ಗಳು. ನೀವು ಇದನ್ನು ಓದುತ್ತಿರುವಾಗಲೂ ಅಂಗೈಯಷ್ಟು ಜಾಗದಲ್ಲಿ ಸೆಕೆಂಡಿಗೆ ಒಂದೆರಡು ಮ್ಯೂಯಾನ್‌ಗಳು ಹಾದುಹೋಗುತ್ತಿವೆ. ಹೆಂಚಾಗಲಿ ತಾರಸಿಯಾಗಲಿ ಅವನ್ನು ತಡೆಯದು. ಕರೆಂಟ್ ಹರಿಯುವ ಯಂತ್ರದ ಕಡೆಗೆ ಅವು ತಿರುಗುವುದೂ ಇಲ್ಲ, ಸ್ವಿಚ್ ಆಫ್ ಮಾಡಿದರೆ ಒಂದೂ ಕಡಿಮೆಯಾಗುವುದಿಲ್ಲ. ನಮಗೆ ತಗಲುವ ಸಹಜ ವಿಕಿರಣದಲ್ಲಿ ಇವುಗಳ ಪಾಲು ಸುಮಾರು ಆರನೆಯ ಒಂದು ಭಾಗ. ಉಳಿದದ್ದು ಮಣ್ಣು, ಕಲ್ಲು, ಆಹಾರ ಮತ್ತು ಉಸಿರಿನೊಡನೆ ಒಳಸೇರುವ ವಿಕಿರಣಶೀಲ ಅನಿಲವಾದ ರೇಡಾನ್‌ನಿಂದ ಬರುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಜಿಲ್ಲೆಯಲ್ಲಿ, ಇರುವ ಕರೆಂಟನ್ನು ಒಂದು ಸಂದೇಶದ ಮಾತಿಗೆ ರೋಗಿಯಿಂದ ಕಿತ್ತುಕೊಳ್ಳಬಾರದು.

ನಾಪೋಕ್ಲಿನ ಸದಸ್ಯೆ: ಈ ಸಲ ಕಾಫಿ ಹೂ ಸರಿಯಾಗಿ ಅರಳದಿರುವುದಕ್ಕೂ ಈ ಕಿರಣಗಳೇ ಕಾರಣವೇ, ಮೇಡಂ?

ಕುಶಾಲನಗರದ ಸದಸ್ಯ: ಗೋಡೆಗೆ ಸೆಗಣಿ ಸಾರಿಸಿದರೆ ಯಾವ ವಿಕಿರಣವೂ ಒಳಬರದು. ಹಿರಿಯರು ಸುಮ್ಮನೆ ಮಾಡಿದ್ದಲ್ಲ.

ಪೊನ್ನಂಪೇಟೆಯ ಸದಸ್ಯೆ: ಹಿರಿಯರು ಸಾರಿಸಿದ್ದು ನೆಲ ಹಸನಾಗಿರಲೆಂದು. ಅವರು ಹೇಳದ ಮಾತನ್ನು ಅವರ ತಲೆಗೆ ಕಟ್ಟಬೇಡಿ, ಅಣ್ಣ.

ಕುಶಾಲನಗರದ ಸದಸ್ಯ: ನಾಲ್ಕು ಅಕ್ಷರ ಕಲಿತವರಿಗೆ ನಮ್ಮದೆಲ್ಲ ಹಗುರ.

ಪ್ರಾಧ್ಯಾಪಕಿ: ಮ್ಯೂಯಾನ್‌ಗಳ ಕಾಟ ತಪ್ಪಿಸಿ, ಬಂಡೆಯನ್ನೂ ದಾಟಿ ಬರುವ ನ್ಯೂಟ್ರಿನೋ ಎಂಬ ಕಣಗಳನ್ನು ಹುಡುಕಲು ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಉಪಕರಣ ಇಳಿಸಿ, 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳನ್ನು ಗುರುತಿಸಿದರು. ಅಷ್ಟು ಬಂಡೆ ಮಾಡುವ ಕೆಲಸವನ್ನು ಬೆರಳುದಪ್ಪದ ಸೆಗಣಿ ಮಾಡದು.

ಗೋಣಿಕೊಪ್ಪದ ಸದಸ್ಯ: ಮೇಡಂ, ರಾತ್ರಿ 12.30ಕ್ಕೆ ಮೊಬೈಲ್ ಆಫ್ ಮಾಡಬೇಕೇ?

ಪ್ರಾಧ್ಯಾಪಕಿ: ಮೇಲೆ ಓದಿ.

ಕುಶಾಲನಗರದ ಸದಸ್ಯ: ಅಕ್ಕನವರು ಇನ್ನೂ ನನಗೆ ಉತ್ತರಿಸಿಲ್ಲ.

ಪೊನ್ನಂಪೇಟೆಯ ಸದಸ್ಯೆ: ಉತ್ತರ ನಿಮ್ಮ ಕಣ್ಣೆದುರೇ ಇದೆ.

ಪ್ರಾಧ್ಯಾಪಕಿ: ಇಬ್ಬರೂ ನಿಲ್ಲಿಸಿ. ಸೋಮವಾರಪೇಟೆಯವರೇ, ಯಂತ್ರ ಹಾಕಿದಿರಾ?

ಸೋಮವಾರಪೇಟೆಯ ಸದಸ್ಯ: ಹಾಕಿದೆ, ಮೇಡಂ. ಈಗ 90 ತೋರಿಸುತ್ತಿದೆ. ವೈದ್ಯರು ಮಡಿಕೇರಿಗೆ ಕರೆತರಲು ಹೇಳಿದ್ದಾರೆ, ಹೊರಡುತ್ತಿದ್ದೇವೆ.

ಮೂರ್ನಾಡಿನ ಸದಸ್ಯ: ಮಂಗಳ ಗ್ರಹದ ಕಿರಣದ ಬಗ್ಗೆ ಈ ಸಂದೇಶವನ್ನು ದಯವಿಟ್ಟು ಎಲ್ಲರಿಗೂ ಕಳುಹಿಸಿ.

ಪ್ರಾಧ್ಯಾಪಕಿ: ಅದನ್ನು ಈಗಲೇ ಅಳಿಸಿ. ಅದನ್ನು ನಂಬಿದ್ದಕ್ಕೇ ಒಬ್ಬ ತಾಯಿ ಆಸ್ಪತ್ರೆಗೆ ಹೋಗುತ್ತಿದ್ದಾರೆ.