ತನ್ನದೇ ಕೈಯನ್ನು ‘ನನ್ನದಲ್ಲ’ ಎನ್ನುವುದೇಕೆ?

ಮೂಡಿಗೆರೆಯಿಂದ, ಪ್ರಶ್ನೆ:
ನಮ್ಮ ಸೋದರಮಾವನವರಿಗೆ 3 ವಾರಗಳ ಹಿಂದೆ ಲಕ್ವ ಹೊಡೆದು, ಮೆದುಳಿನ ಬಲಭಾಗಕ್ಕೆ ಪೆಟ್ಟಾಗಿ, ಎಡಗೈ ಸ್ವಾಧೀನ ತಪ್ಪಿದೆ. ಮಾತು, ನೆನಪು ಎರಡೂ ಚೆನ್ನಾಗಿವೆ. ರೊಬಸ್ಟಾ ಕಾಫಿಯ ಧಾರಣೆಯನ್ನು ದಿನವೂ ವಿಚಾರಿಸುತ್ತಾರೆ. ಆದರೆ ಹಾಸಿಗೆಯ ಮೇಲಿರುವ ತಮ್ಮ ಎಡಗೈಯನ್ನು ತೋರಿಸಿ, ‘ಇದು ತೋಟದ ರೈಟರ (ಲೆಕ್ಕ ಬರೆಯುವವರ) ಕೈ, ಇಲ್ಲಿಗೆ ಹೇಗೆ ಬಂತು?’ ಎಂದು ಕೇಳುತ್ತಾರೆ. ಮನೆಯಲ್ಲಿ ಕೆಲವರು ಇದನ್ನು ಬುದ್ಧಿಭ್ರಮಣೆ ಎನ್ನುತ್ತಿದ್ದಾರೆ. 70 ವರ್ಷ ತಮ್ಮದಾಗಿದ್ದ ಕೈ ಪರರದ್ದಾಗುವುದು ಹೇಗೆ?

ಹಾಸನದ ವಿಜ್ಞಾನ ಶಿಕ್ಷಕ:
ಇದು ಸಾಮಾನ್ಯ ಅರ್ಥದ ಬುದ್ಧಿಭ್ರಮಣೆಯಲ್ಲ. ವೈದ್ಯರು ಇದನ್ನು ಸೊಮ್ಯಾಟೊಪ್ಯಾರಾಫ್ರೀನಿಯಾ ಎನ್ನುತ್ತಾರೆ. ಬಹುಮಟ್ಟಿಗೆ ಬಲಮೆದುಳಿಗೆ ಪೆಟ್ಟಾದವರಲ್ಲಿ ಕಾಣಿಸಿಕೊಳ್ಳುತ್ತದೆ. ಕೈ ಆಡದಿದ್ದರೆ ನಾವು ‘ಸ್ವಾಧೀನ ತಪ್ಪಿತು’ ಎನ್ನುತ್ತೇವಾದರೂ, ಆಡಿಸುವ ಶಕ್ತಿ ಹೋಗುವುದು ಬೇರೆ, ‘ನನ್ನದು’ ಎಂಬ ಅರಿವು ಹೋಗುವುದು ಬೇರೆ. ಲಕ್ವ ಹೊಡೆದ ಹೆಚ್ಚಿನವರು ಆಡದ ಕೈಯನ್ನೂ ತಮ್ಮದೆಂದೇ ಹೇಳುತ್ತಾರೆ.

ಇದರ ತಿರುವುಮುರುವನ್ನು, ಅಂದರೆ ಆಡಿಸಲಾಗದ ವಸ್ತುವೂ ‘ನನ್ನದು’ ಎನಿಸುವುದನ್ನು, 1998ರಲ್ಲಿ ಮ್ಯಾಥ್ಯೂ ಬಾಟ್ವಿನಿಕ್ ಮತ್ತು ಜೊನಾಥನ್ ಕೊಹೆನ್ ತೋರಿಸಿದರು. ವ್ಯಕ್ತಿಯ ನಿಜವಾದ ಕೈಯನ್ನು ಮರೆಮಾಡಿ, ಕಣ್ಣೆದುರು ರಬ್ಬರ್ ಕೈಯಿಟ್ಟು, ಎರಡನ್ನೂ ಒಂದೇ ಸಮಯದಲ್ಲಿ ಕುಂಚದಿಂದ ಸವರಿದಾಗ, ಸ್ಪರ್ಶವು ರಬ್ಬರ್ ಕೈಯಲ್ಲೇ ಆಗುತ್ತಿರುವಂತೆ ಆತನಿಗೆ ಭಾಸವಾಯಿತು. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಹಾಕುವ ಗ್ಲೌಸಿಗೆ ಹತ್ತಿ ತುಂಬಿ ನಾನೂ ತರಗತಿಯಲ್ಲಿ ಇದನ್ನು ಮಾಡಿ ನೋಡಿದ್ದೇನೆ. ಎಲ್ಲರಿಗೂ ಹಾಗೆನಿಸಲಿಲ್ಲ, ಹಾಗೆನಿಸಿದ ಹುಡುಗಿಯೊಬ್ಬಳು, ನಾನು ಸ್ಕೇಲೆತ್ತಿ ಗ್ಲೌಸಿಗೆ ಹೊಡೆಯಹೋದಾಗ ಚೀರಿದಳು. ಸವರುವ ತಾಳ ತಪ್ಪಿದರೆ ಭ್ರಮೆ ಕಳಚುತ್ತದೆ. ಕಣ್ಣು, ಚರ್ಮ, ಕೀಲುಗಳಿಂದ ಬರುವ ಸುದ್ದಿಗಳು ಒಂದಕ್ಕೊಂದು ಹೊಂದಿದಾಗಲೇ ಮೆದುಳು ‘ನನ್ನದು’ ಎಂಬ ತೀರ್ಮಾನಕ್ಕೆ ಬರುತ್ತದೆ. 2004ರಲ್ಲಿ ಹೆನ್ರಿಕ್ ಎಹರ್ಸನ್ ಮತ್ತು ಸಂಗಡಿಗರು, ಈ ಭಾವನೆ ಬಲವಾದಷ್ಟೂ ಮೆದುಳಿನ ಮುಂಭಾಗದಲ್ಲಿ ಚಲನೆಯನ್ನು ಸಜ್ಜುಗೊಳಿಸುವ ಪ್ರೀಮೋಟರ್ ಪ್ರದೇಶ ಹೆಚ್ಚು ಚುರುಕಾಗುವುದನ್ನು ಸ್ಕ್ಯಾನಿನಲ್ಲಿ ಕಂಡರು.

ಚಿಕ್ಕಮಗಳೂರಿನ ಫಿಸಿಯೋಥೆರಪಿಸ್ಟ್:
ಮೇಷ್ಟ್ರ ಮಾತಿಗೆ ಒಂದು ತಿದ್ದುಪಡಿ ಸೇರಿಸಬೇಕು. ಸುದ್ದಿ ಬಂದರಷ್ಟೇ ಸಾಲದು. ನಿಮ್ಮ ಮಾವನವರು ಆ ಕೈ ತಮ್ಮ ಭುಜಕ್ಕೇ ಸೇರಿರುವುದನ್ನು ಕಣ್ಣಾರೆ ನೋಡಿಯೂ ಒಪ್ಪುತ್ತಿಲ್ಲ. ಸುದ್ದಿಗಳನ್ನು ಜೋಡಿಸುವ ವ್ಯವಸ್ಥೆಗೇ ಪೆಟ್ಟಾಗಿರುತ್ತದೆ, ಆದ್ದರಿಂದ ವಾದ ಮಾಡಿ ಗೆಲ್ಲಲಾಗದು. ಇಂಥ ಕೆಲವು ರೋಗಿಗಳು ಅದೇ ಕೈಯನ್ನು ಕನ್ನಡಿಯಲ್ಲಿ ಕಂಡಾಗ ತಮ್ಮದೆಂದು ಒಪ್ಪಿದ್ದು ಅಧ್ಯಯನಗಳಲ್ಲಿ ದಾಖಲಾಗಿದೆ. ‘ನನ್ನದು’ ಎಂಬ ಅರಿವು ಮರಳುವವರೆಗೆ ಬಿಸಿನೀರು, ಒಲೆ, ಬಾಗಿಲ ಸಂದಿಯಿಂದ ಆ ಕೈಯನ್ನು ನೀವೇ ಕಾಯಬೇಕು. ತನ್ನದಲ್ಲದ ಕೈಯನ್ನು ಯಾರೂ ಹಿಂದಕ್ಕೆಳೆದುಕೊಳ್ಳುವುದಿಲ್ಲ.

ಮೂಡಿಗೆರೆಯಿಂದ:
ಇಬ್ಬರಿಗೂ ಧನ್ಯವಾದಗಳು. ನಿನ್ನೆ ಅತ್ತೆ ಕನ್ನಡಿ ಹಿಡಿದರು. ‘ಇದು ಯಾರ ಕೈ?’ ಎಂದದ್ದಕ್ಕೆ ಮಾವ, ‘ನನ್ನದೇ, ಇನ್ಯಾರದ್ದು?’ ಎಂದು ರೇಗಿದರು. ಕನ್ನಡಿ ಇಳಿಸಿದ ಮೇಲೆ ಹಾಸಿಗೆಯತ್ತ ನೋಡಿ, ರೈಟರು ಇನ್ನೂ ಮನೆಗೆ ಹೋಗಿಲ್ಲವೇ ಎಂದು ಕೇಳಿದರು.