‘ಮಾರ್ಕೀ ಮೂನ್’ ಯಾರದು? ಟೆಲಿವಿಷನ್ ತಂಡದ ಕುರಿತು ಒಂದು ಚರ್ಚೆ

ತಂತಿನಾದ:
ಎಪ್ಪತ್ತರ ದಶಕದ ನ್ಯೂಯಾರ್ಕಿನ ರಾಕ್ ತಂಡ ಟೆಲಿವಿಷನ್ ಹೆಸರು ಬಂದಾಗಲೆಲ್ಲ ಅದೇ ಊರಿನ ರಮೋನ್ಸ್, ಬ್ಲಾಂಡಿ ತಂಡಗಳ ಹೆಸರನ್ನು ಸಾಲಾಗಿ ಜಪಿಸಿ, ಎಲ್ಲರಿಗೂ ನ್ಯೂಯಾರ್ಕ್ ಪಂಕ್ (ಒರಟು, ಚುಟುಕು, ವೇಗದ ರಾಕ್) ಎಂಬ ಒಂದೇ ಹಣೆಪಟ್ಟಿ ಹಚ್ಚುವವರನ್ನು ಕಂಡು ಬೇಸತ್ತು ಇದನ್ನು ಬರೆಯುತ್ತಿದ್ದೇನೆ. 1977ರ ಫೆಬ್ರವರಿಯಲ್ಲಿ ಎಲೆಕ್ಟ್ರಾ ಸಂಸ್ಥೆ ಹೊರತಂದ ‘ಮಾರ್ಕೀ ಮೂನ್’ ಆಲ್ಬಮ್ಮಿನ ಎಂಟು ಹಾಡುಗಳಲ್ಲಿ ಪಂಕ್ ಎನ್ನಬಹುದಾದದ್ದು ಒಂದೂ ಇಲ್ಲ. ಬಾಲ್ಯದಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ, ಜಾಝ್ ಸ್ಯಾಕ್ಸೊಫೋನ್ ವಾದಕರಾದ ಜಾನ್ ಕೋಲ್ಟ್ರೇನ್ ಮತ್ತು ಆಲ್ಬರ್ಟ್ ಐಲರ್ ಅವರನ್ನು ಮನಸಾರೆ ಮೆಚ್ಚಿದ್ದ, ತಂಡದ ಗಾಯಕ-ಗಿಟಾರ್ ವಾದಕ ಟಾಮ್ ವರ್ಲೇನ್, ಆ ವಾದ್ಯದ ಉಸಿರನ್ನು ತಮ್ಮ ಫೆಂಡರ್ ಜಾಝ್‌ಮಾಸ್ಟರ್ ಗಿಟಾರಿಗೆ ತಂದರು. ಬ್ಲೂಸ್‌ನ ಸವಕಲು ಪಟ್ಟುಗಳಿಗೆ ಕೈಹಾಕದೆ, ಶಬ್ದವನ್ನು ಒರಟಾಗಿಸದೆ, ಹತ್ತು ನಿಮಿಷ ರಾಕ್ ನುಡಿಸಬಹುದೆಂದು ತೋರಿಸಿದವರು ಅವರು. ಇದು ಮೂಲತಃ ವರ್ಲೇನರ ತಂಡ. ಉಳಿದವರು ಸಮರ್ಥ ಪಕ್ಕವಾದ್ಯದವರು.

ಬೋವರಿ77:
“ಪಕ್ಕವಾದ್ಯದವರು” ಎಂದು ಬರೆಯುವ ಮುನ್ನ ಆಲ್ಬಮ್ಮಿನ ಹೊದಿಕೆಯನ್ನಾದರೂ ಓದಬೇಕಿತ್ತು. ಯಾವ ಹಾಡಿನಲ್ಲಿ ಯಾರ ಸೋಲೊ (ಒಬ್ಬರೇ ಮುಂದಾಗಿ ನುಡಿಸುವ ಭಾಗ) ಎಂಬುದನ್ನು ಅಲ್ಲೇ ಅಚ್ಚು ಹಾಕಿಸಿದ್ದಾರೆ. ‘ಸೀ ನೋ ಈವಿಲ್’, ‘ಎಲಿವೇಶನ್’, ‘ಗೈಡಿಂಗ್ ಲೈಟ್’ ಮೂರರಲ್ಲಿಯೂ ಸೋಲೊ ನುಡಿಸಿರುವುದು ತಂಡದ ಇನ್ನೊಬ್ಬ ಗಿಟಾರ್ ವಾದಕ ರಿಚರ್ಡ್ ಲಾಯ್ಡ್. ‘ಮಾರ್ಕೀ ಮೂನ್’ ಎಂಬ ಶೀರ್ಷಿಕೆ ಗೀತೆಯ ಮೊದಲ ಸೋಲೊ ಕೂಡ ಅವರದೇ. ಅಷ್ಟೇ ಅಲ್ಲ, ತಮ್ಮ ಭಾಗಗಳನ್ನು ಮೊದಲೇ ಕಟ್ಟಿಕೊಂಡು ಬರುತ್ತಿದ್ದ ಲಾಯ್ಡ್, ಅದನ್ನೇ ಕೂದಲೆಳೆಯ ವ್ಯತ್ಯಾಸವಿಲ್ಲದೆ ಎರಡನೆಯ ಸಲ ನುಡಿಸಿ ಒಂದರ ಮೇಲೊಂದು ಕೂರಿಸಬಲ್ಲವರಾಗಿದ್ದರು. ಪ್ರತಿ ಸಲವೂ ಬೇರೆಯಾಗಿ ನುಡಿಸುತ್ತಿದ್ದ ವರ್ಲೇನರಿಗೆ ಅದು ಒಗ್ಗುವ ಕೆಲಸವಾಗಿರಲಿಲ್ಲ. ನೀವು ವರ್ಲೇನರದೆಂದು ಮೆಚ್ಚುತ್ತಿರುವ ತಂತಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಲಾಯ್ಡ್ ಅವರದು.

ತಂತಿನಾದ:
“ಮೊದಲ ಸೋಲೊ” ಎಂದು ನೀವೇ ಹೇಳಿದಿರಿ. ಎರಡನೆಯದರ ಬಗ್ಗೆ ಮೌನವೇಕೆ? ಲಾಯ್ಡ್ ಅವರದು ಚಿಕ್ಕ, ಅಚ್ಚುಕಟ್ಟಾದ ಸೋಲೊ, ಇಲ್ಲವೆನ್ನುವುದಿಲ್ಲ. ಆದರೆ ಆ ಹಾಡು ಜಗತ್ತಿಗೆ ನೆನಪಿರುವುದು ಮೂರನೆಯ ಪಲ್ಲವಿಯ ನಂತರ ಬರುವ ವರ್ಲೇನರ ಸೋಲೊದಿಂದ. ಮೆಲ್ಲನೆ ಆರಂಭವಾಗಿ, ಇಡೀ ತಂಡವನ್ನು ಹಿಂದೆ ಕಟ್ಟಿಕೊಂಡು ಸ್ವರದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ, ತುದಿಯಲ್ಲಿ ಒಡೆದು, ಹಕ್ಕಿಗಳ ಚಿಲಿಪಿಲಿಯಂತೆ ಹನಿಹನಿಯಾಗಿ ಉದುರುತ್ತದೆ. ಆಮೇಲೆ ಬಿಲ್ಲಿ ಫಿಕಾ ಅವರ ಡ್ರಮ್ಸ್ ಮರಳಿ, ಮೊದಲ ಚರಣ ಮತ್ತೆ ಬಂದು, ಹಾಡು ನಿಧಾನವಾಗಿ ಕರಗಿಹೋಗುತ್ತದೆ.

ಸೂಜಿಮೊನೆ:
ಹಾಡು “ಕರಗಿಹೋಗುತ್ತದೆ” ಎಂಬುದು ತಪ್ಪು. ಧ್ವನಿ ಇಳಿಸಿ ಮುಗಿಸಿರುವುದು 1977ರ ಎಲ್‌ಪಿ ರೆಕಾರ್ಡಿನಲ್ಲಿ ಮಾತ್ರ, 9 ನಿಮಿಷ 58 ಸೆಕೆಂಡಿಗೆ. 2003ರ ಮರುಬಿಡುಗಡೆಯ ಸಿ.ಡಿ.ಯಲ್ಲಿ ಅದೇ ಹಾಡು 10 ನಿಮಿಷ 40 ಸೆಕೆಂಡು ನಡೆದು, ನಾಲ್ವರೂ ಒಟ್ಟಿಗೆ ನಿಲ್ಲಿಸುವ ತನಕ ಇದೆ. ತಾವು ಕೇಳಿಕೊಂಡು ಬಂದಿರುವುದು ಕತ್ತರಿಸಿದ ಪ್ರತಿಯನ್ನು.

ಹಳೆಯ ಕ್ಯಾಸೆಟ್:
“ಕತ್ತರಿಸಿದ ಪ್ರತಿ” ಎಂಬ ಮಾತನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಆ ಆಲ್ಬಮ್ಮಿನ ನಿರ್ಮಾಪಕರು ಟಾಮ್ ವರ್ಲೇನ್ ಮತ್ತು ಆ್ಯಂಡಿ ಜಾನ್ಸ್. ಅವರಿಬ್ಬರ ಹೆಸರಿನಲ್ಲಿ ಅಂಗಡಿಗೆ ಬಂದ ರೂಪವೇ ಕೃತಿ. ವಿಮರ್ಶಕ ನಿಕ್ ಕೆಂಟ್ ಬ್ರಿಟನ್ನಿನ ಪತ್ರಿಕೆಯಲ್ಲಿ ಮೆಚ್ಚುಗೆಯ ಮಳೆ ಸುರಿಸಿದ್ದು ಆ ರೂಪಕ್ಕೆ. ಅಮೆರಿಕದಲ್ಲಿ ಯಾರೂ ಮೂಸಿ ನೋಡದ ಆ ರೆಕಾರ್ಡು ಬ್ರಿಟನ್ನಿನ ಪಟ್ಟಿಯಲ್ಲಿ 28ನೆಯ ಸ್ಥಾನಕ್ಕೆ ಏರಿದ್ದೂ ಆ ರೂಪದಲ್ಲೇ. ಕಾಲು ಶತಮಾನದ ನಂತರ ಸಿ.ಡಿ. ಮಾರಲು ಕಂಪನಿಯೊಂದು ಬಾಲ ಅಂಟಿಸಿದರೆ ಮೂಲ ಎಲ್‌ಪಿ ಅಪೂರ್ಣವಾಗಿಬಿಡುತ್ತದೆಯೇ?

ಸೂಜಿಮೊನೆ:
“ಬಾಲ” ಎಂದು ಹಗುರವಾಗಿ ಮಾತನಾಡಬೇಡಿ; ಅದು ಅಂಟಿಸಿದ್ದಲ್ಲ, ಮೂಲ ಧ್ವನಿಮುದ್ರಣದಲ್ಲೇ ಇದ್ದದ್ದು. ಎಲ್‌ಪಿಯ ಒಂದು ಬದಿಯಲ್ಲಿ ಹಾಡುಗಳು ಉದ್ದವಾದಷ್ಟೂ ಸೂಜಿ ಓಡುವ ಗೆರೆಗಳು ಒತ್ತೊತ್ತಾಗಿ ಬಂದು ಧ್ವನಿಯ ಮಟ್ಟ ತಗ್ಗುತ್ತದೆ. ಅದರ ಮೇಲೆ ‘ಮಾರ್ಕೀ ಮೂನ್’ ಮೊದಲ ಬದಿಯ ಕೊನೆಯ ಹಾಡು. ಸೂಜಿ ನಡುವಿನ ಕಾಗದದ ಹತ್ತಿರಕ್ಕೆ ಬಂದಂತೆ ಗೆರೆಯ ಸುತ್ತಳತೆ ಕುಗ್ಗಿ, ತಾರದ ಸ್ವರಗಳು ಒಡೆಯುತ್ತವೆ. ಮಾಧ್ಯಮದ ಬಲವಂತವನ್ನು ಕಲಾವಿದನ ಇಚ್ಛೆಯೆಂದು ಪೂಜಿಸುವುದು ನನ್ನಿಂದಾಗದು.

ಲಯಭಾರ:
“ಮಾಧ್ಯಮದ ಬಲವಂತ” ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಕತ್ತರಿಸಿದ ನಂತರ ಮೊದಲ ಬದಿ ಇರುವುದು ಇಪ್ಪತ್ತೆರಡೂವರೆ ನಿಮಿಷದಷ್ಟು. ಏಳು ನಿಮಿಷದ ‘ಟೋರ್ನ್ ಕರ್ಟನ್’ ಇರುವ ಎರಡನೆಯ ಬದಿಯೂ ಹೆಚ್ಚುಕಡಿಮೆ ಅಷ್ಟೇ ಇದೆ. ಅಲ್ಲಿ ಯಾವ ಹಾಡಿಗೂ ಕತ್ತರಿ ಬಿದ್ದಿಲ್ಲ. ಮುಕ್ಕಾಲು ನಿಮಿಷ ಸೇರಿಸಿದ್ದರೆ ಮೊದಲ ಬದಿ ಇಪ್ಪತ್ಮೂರು ನಿಮಿಷವಾಗುತ್ತಿತ್ತು. ಅದಕ್ಕಿಂತ ಉದ್ದದ ಬದಿಗಳು ಎಪ್ಪತ್ತರ ದಶಕದಲ್ಲಿ ಎಷ್ಟೋ ಬಂದಿವೆ. ಭೌತಶಾಸ್ತ್ರದ ಪಾಠ ಚೆನ್ನಾಗಿತ್ತು, ಆದರೆ ಪ್ರಶ್ನೆಗೆ ಉತ್ತರವಾಗಲಿಲ್ಲ.

ಸೂಜಿಮೊನೆ:
“ಪಾಠ” ಎಂಬ ಕೊಂಕಿನ ಅಗತ್ಯವಿರಲಿಲ್ಲ. ಬದಿಯ ಉದ್ದವೊಂದನ್ನೇ ನೋಡುವವರು ರೆಕಾರ್ಡು ಕೊರೆಯುವ ಕೆಲಸವನ್ನು ಅರಿತವರಲ್ಲ. ಗಟ್ಟಿಯಾದ ಭಾಗ ಹೆಚ್ಚು ಜಾಗವನ್ನು ತಿನ್ನುತ್ತದೆ, ಮತ್ತು ಆ ಹಾಡಿನ ಏರಿಕೆಗಿಂತ ಗಟ್ಟಿಯಾದದ್ದು ಆಲ್ಬಮ್ಮಿನಲ್ಲಿ ಬೇರೊಂದಿಲ್ಲ. ಈ ತಂಡದ ಉದ್ದ ಹಾಡುಗಳಿಗೆ ಕತ್ತರಿ ಬಿದ್ದದ್ದು ಇದೇ ಮೊದಲೂ ಅಲ್ಲ. 1975ರಲ್ಲಿ ಟೆರ್ರಿ ಆರ್ಕ್ ಅವರ ಪುಟ್ಟ ಸಂಸ್ಥೆಯಿಂದ ಬಂದ ಮೊದಲ ಸಿಂಗಲ್ (ಒಂದೆರಡು ಹಾಡಿನ ಚಿಕ್ಕ ರೆಕಾರ್ಡು) ‘ಲಿಟ್ಲ್ ಜಾನಿ ಜ್ಯುವೆಲ್’ ಏಳು ನಿಮಿಷದ ಹಾಡು; ಅದನ್ನು ಎರಡು ತುಂಡು ಮಾಡಿ ಒಂದೊಂದು ಬದಿಗೆ ಹಂಚಿದರು. ಬ್ರಿಟನ್ನಿನಲ್ಲಿ ‘ಮಾರ್ಕೀ ಮೂನ್’ ಸಿಂಗಲ್ ಆಗಿ ಬಂದಾಗಲೂ ಅದೇ ಗತಿ.

ಹಳೆಯ ಕ್ಯಾಸೆಟ್:
‘ಲಿಟ್ಲ್ ಜಾನಿ ಜ್ಯುವೆಲ್’ ಹೆಸರನ್ನು ತಾವೇ ಎತ್ತಿದ್ದಕ್ಕೆ ಧನ್ಯವಾದ. ಅದನ್ನು ಮೊದಲ ಸಿಂಗಲ್ ಆಗಿ ಆರಿಸಿದವರು ವರ್ಲೇನ್; ಎರಡು ಬದಿಗೆ ಒಡೆಯಬೇಕಾದ ಹಾಡೆಂದು ತಿಳಿದೇ ಆರಿಸಿದರು. ಲಾಯ್ಡ್ ಆ ಆಯ್ಕೆಯನ್ನು ಒಪ್ಪದೆ ಕೆಲಕಾಲ ತಂಡದಿಂದಲೇ ದೂರವಾಗಿದ್ದರು. ಅಂದರೆ ಹಾಡು ಎಲ್ಲಿ ತುಂಡಾಗಬೇಕೆಂಬುದು ಕಲಾವಿದನ ನಿರ್ಧಾರವೇ ಆಗಿತ್ತು. ತಮ್ಮ ಸಾಕ್ಷಿ ನನ್ನ ಪರವಾಗಿ ನುಡಿಯುತ್ತಿದೆ.

ಬೋವರಿ77:
ಲಾಯ್ಡ್ “ತಂಡದಿಂದಲೇ ದೂರವಾಗಿದ್ದರು” ಎಂಬುದನ್ನು ತಂತಿನಾದ ಅವರು ಗಮನಿಸಲಿ. ತತ್ತ್ವಕ್ಕಾಗಿ ಎದ್ದು ಹೋಗುವವರನ್ನು ಯಾವ ಊರಿನಲ್ಲಿ ಪಕ್ಕವಾದ್ಯದವರೆನ್ನುತ್ತಾರೆ?

ನಾಲ್ಕನೆಯ ತಂತಿ:
ನಲವತ್ತು ಸೆಕೆಂಡಿಗಾಗಿ ಇಷ್ಟು ಹೊಡೆದಾಡುತ್ತಿರುವವರು ಮೊದಲ ಮಾತನ್ನೇ ಮರೆತಿದ್ದೀರಿ. ಪಂಕ್ ಇಲ್ಲವೆಂದರು, ಏಕಿಲ್ಲ ಎಂದು ಯಾರೂ ಕೇಳಲಿಲ್ಲ. 1974ರ ಮಾರ್ಚ್ 31ರಂದು, ನ್ಯೂಯಾರ್ಕಿನ ಬೋವರಿ ಬೀದಿಯ ಸಿಬಿಜಿಬಿ ಎಂಬ ಬಾರಿನಲ್ಲಿ ಟೆಲಿವಿಷನ್ ಮೊದಲ ಬಾರಿಗೆ ನುಡಿಸಿದಾಗ ಬೇಸ್ ಗಿಟಾರ್ ಹಿಡಿದಿದ್ದವರು ರಿಚರ್ಡ್ ಹೆಲ್. ಕತ್ತರಿಸಿ ನಿಲ್ಲಿಸಿದ ಕೂದಲು, ಹರಿದ ಅಂಗಿ, ವೇದಿಕೆಯ ಮೇಲಿನ ನೆಗೆತ ಎಲ್ಲವೂ ಅವರದು. ಲಂಡನ್ನಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಾಲ್ಕಮ್ ಮೆಕ್ಲಾರೆನ್ ನ್ಯೂಯಾರ್ಕಿನಲ್ಲಿ ಅದನ್ನು ಕಂಡು ಲಂಡನ್ನಿಗೆ ಕೊಂಡೊಯ್ದರು; ಅಲ್ಲಿ ಅದು ಸೆಕ್ಸ್ ಪಿಸ್ತೂಲ್ಸ್ ಎಂಬ ಪಂಕ್ ತಂಡವಾಯಿತು. ಹದಿಹರೆಯದಿಂದ ಹೆಲ್ ಅವರ ಗೆಳೆಯರಾಗಿದ್ದ ವರ್ಲೇನ್, ತಾವು ಹಾಡುವಾಗ ಕುಣಿಯಬೇಡವೆಂದರು, ಹೆಲ್ ಬರೆದ ಹಾಡುಗಳನ್ನು ಒಂದೊಂದಾಗಿ ಕೈಬಿಟ್ಟರು, ಮತ್ತು 1975ರಲ್ಲಿ ಹೆಲ್ ಹೊರನಡೆದ ಮೇಲೆ ಬ್ಲಾಂಡಿಯಿಂದ ಫ್ರೆಡ್ ಸ್ಮಿತ್ ಅವರನ್ನು ಕರೆತಂದರು. ಮನೆಯವನನ್ನು ಹೊರಗೆ ಹಾಕಿ, ಮನೆ ಎಂದೂ ಅವನದಾಗಿರಲಿಲ್ಲ ಎನ್ನುವುದು ಯಾವ ನ್ಯಾಯ?

ತಂತಿನಾದ:
ಹರಿದ “ಅಂಗಿ” ಸಂಗೀತವಲ್ಲ. ವರ್ಲೇನರಿಗೆ ತಮ್ಮ ಸಂಗೀತ ಹೇಗೆ ಕೇಳಬೇಕೆಂಬುದು ಮೊದಲಿನಿಂದಲೂ ಖಚಿತವಿತ್ತು. 1974ರ ಕೊನೆಯಲ್ಲಿ ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೊ ಅಂಥವರೇ ಬಂದು ಮಾದರಿ ಧ್ವನಿಮುದ್ರಣ ಮಾಡಿದರೂ ಅದರ ನಾದ ಹಿಡಿಸದೆ ಪಕ್ಕಕ್ಕಿಟ್ಟರು. 1976ರಲ್ಲಿ, ಲೆಡ್ ಝೆಪ್ಪಲಿನ್ ತಂಡದೊಡನೆ ದುಡಿದಿದ್ದ ಆ್ಯಂಡಿ ಜಾನ್ಸ್ ಡ್ರಮ್ಸ್‌ಗೆ ಅದೇ ಗುಡುಗಿನ ಶಬ್ದ ಬರುವಂತೆ ಮೈಕುಗಳನ್ನು ಜೋಡಿಸಿದಾಗ, ಎಲ್ಲವನ್ನೂ ಬಿಚ್ಚಿಸಿ ಒಣಗಿದ, ಹತ್ತಿರದ ಶಬ್ದವನ್ನು ಹಿಡಿಸಿದರು. ಆ ನಿರ್ಧಾರದಿಂದಲೇ ಎರಡು ಗಿಟಾರುಗಳು ಇಂದಿಗೂ ಬೇರೆಬೇರೆಯಾಗಿ ಕೇಳುತ್ತವೆ. ತಂಡ ಯಾರದು ಎಂಬುದಕ್ಕೆ ಇನ್ನೇನು ಬೇಕು?

ಲಯಭಾರ:
ಡ್ರಮ್ಸ್‌ನ ಮೈಕುಗಳ ಬಗ್ಗೆ ಇಷ್ಟು ಬರೆದವರು ಡ್ರಮ್ಸ್ ನುಡಿಸಿದವರ ಬಗ್ಗೆ ಒಂದು ವಾಕ್ಯ ಬರೆಯಬಾರದೇ? ‘ಮಾರ್ಕೀ ಮೂನ್’ ಒಂದೇ ಟೇಕಿನಲ್ಲಿ, ಅಂದರೆ ಒಂದೇ ಸಲದ ಧ್ವನಿಮುದ್ರಣದಲ್ಲಿ, ಮುಗಿದ ಹಾಡು. ಫಿಕಾ ಅದನ್ನು ತಾಲೀಮೆಂದೇ ಭಾವಿಸಿದ್ದರು. ತಾಲೀಮೆಂದುಕೊಂಡು ಹತ್ತು ನಿಮಿಷ ನಲವತ್ತು ಸೆಕೆಂಡು ಹಾಗೆ ನುಡಿಸಬಲ್ಲ ಡ್ರಮ್ಮರ್ ಸಿಕ್ಕಿದ್ದು ಆ ತಂಡದ ಪುಣ್ಯ.

ಸೂಜಿಮೊನೆ:
“ಹತ್ತು ನಿಮಿಷ ನಲವತ್ತು ಸೆಕೆಂಡು.” ಲಯಭಾರ ಅವರು ಕೊನೆಗೂ ನನ್ನ ಸಂಖ್ಯೆಯನ್ನೇ ಬರೆದಿದ್ದಾರೆ. ಒಂದೇ ಟೇಕಿನಲ್ಲಿ ನಾಲ್ವರೂ ಆರಂಭದಿಂದ ಅಂತ್ಯದವರೆಗೆ ನುಡಿಸಿದ್ದರೆ, ಆ ಅಂತ್ಯ ಕಂಪನಿಯ ಬಾಲವಲ್ಲ.

ಲಯಭಾರ:
ನಾನು ಬರೆದದ್ದು ಫಿಕಾ ಅವರ ಬಗ್ಗೆ. ನನ್ನ ಬದಿಗಳ ಲೆಕ್ಕಕ್ಕೆ ತಾವು ಇನ್ನೂ ಉತ್ತರ ಕೊಟ್ಟಿಲ್ಲ.

ಹಳೆಯ ಕ್ಯಾಸೆಟ್:
ನುಡಿಸಿದ್ದೆಲ್ಲವೂ ಕೃತಿಯಾಗುವುದಾದರೆ 1978ರ ಕಛೇರಿಗಳಿಂದ ಆಯ್ದು 1982ರಲ್ಲಿ ಹೊರತಂದ ‘ದಿ ಬ್ಲೋ-ಅಪ್’ ಸಂಗ್ರಹದಲ್ಲಿ ಈ ಹಾಡು ಇನ್ನೂ ಎಷ್ಟೋ ಉದ್ದವಿದೆ. ಅದು ಕ್ಯಾಸೆಟ್ ರೂಪದಲ್ಲೇ ಬಂದದ್ದು ಎಂಬುದನ್ನು ಸೂಜಿ ಹಿಡಿದು ಕೂತವರಿಗೆ ನೆನಪಿಸುತ್ತಿದ್ದೇನೆ. ತಮ್ಮ ತರ್ಕದ ಪ್ರಕಾರ ಸ್ಟುಡಿಯೋದ ಎರಡೂ ಪ್ರತಿಗಳು ಕತ್ತರಿಸಿದವೇ ಆದವು. ಇಂಥ ಹಟಕ್ಕೆ ಉತ್ತರಿಸುತ್ತಾ ಕೂರುವ ತಾಳ್ಮೆ ನನಗಿಲ್ಲ.

ನಾಲ್ಕನೆಯ ತಂತಿ:
ಹೆಲ್ ಕುರಿತ ನನ್ನ ಮಾತಿಗೆ ಬಂದ ಉತ್ತರ ಅಂಗಿಯ ಬಗ್ಗೆ ಒಂದು ವಾಕ್ಯ ಮಾತ್ರ.

ಬೋವರಿ77:
ಹೆಲ್ ಬೇಸ್ ನುಡಿಸಲು ಕಲಿತದ್ದೇ ಈ ತಂಡ ಕಟ್ಟುವ ಹೊತ್ತಿಗೆ ಎಂಬುದನ್ನೂ ಸೇರಿಸಬೇಕಿತ್ತು. ‘ಎಲಿವೇಶನ್’ ಹಾಡಿನ ಸೋಲೊವನ್ನು, ಹಿಂದೆ ಹೆಲ್ ಬೇಸ್ ಹಿಡಿದಿರುವಾಗ, ಲಾಯ್ಡ್ ನುಡಿಸಬಹುದಿತ್ತೇ ಎಂದು ಯೋಚಿಸಿ.

ನಾಲ್ಕನೆಯ ತಂತಿ:
ಕಲಿಯುತ್ತಲೇ ವೇದಿಕೆ ಹತ್ತುವುದಕ್ಕೇ ಪಂಕ್ ಎನ್ನುತ್ತಾರೆ, ಸ್ವಾಮಿ.

ಸೂಜಿಮೊನೆ:
‘ದಿ ಬ್ಲೋ-ಅಪ್’ ಬೇರೆ ದಿನದ, ಬೇರೆ ವೇದಿಕೆಯ ನುಡಿಕೆ; ಅದನ್ನು ಇದರೊಡನೆ ತೂಗಲು ಬರುವುದಿಲ್ಲ. ತಾಳ್ಮೆ ಮರಳಿದಾಗ ಹಳೆಯ ಕ್ಯಾಸೆಟ್ ಅವರು 9 ನಿಮಿಷ 58ನೆಯ ಸೆಕೆಂಡಿನಿಂದ ಮುಂದಕ್ಕೆ ಒಮ್ಮೆ ಕೇಳಿ, ಅಲ್ಲಿ ಫಿಕಾ ಮತ್ತು ಸ್ಮಿತ್ ಮಾಡುತ್ತಿರುವುದರಲ್ಲಿ ಯಾವುದು ಬೇಡವಾಗಿತ್ತೆಂದು ಹೆಸರಿಸಿ ಹೇಳಲಿ.